ಸಾಕೆನ್ನುವ ಸಖ್ಯ

ಸಪ್ತಪದಿಯಲ್ಲಿ, ಅಂದರೆ ವಧೂವರರು ಅಗ್ನಿಸಾಕ್ಷಿಯಾಗಿ ಕೂಡಿ ಇಡುವ ಏಳು ಹೆಜ್ಜೆಗಳ ವಿಧಿಯಲ್ಲಿ, ಅನ್ನ, ಬಲ, ಸಂಪತ್ತು, ಸುಖ, ಸಂತಾನ ಮತ್ತು ಋತುಗಳಿಗೆ ಮೊದಲ ಆರು ಹೆಜ್ಜೆಗಳು ಸಲ್ಲುತ್ತವೆ. ಏಳನೆಯದು ಸಖ್ಯಕ್ಕೆ, ಎಂದರೆ ಗೆಳೆತನಕ್ಕೆ. ಗೆಳೆತನವನ್ನು ಕಡೆಗಿಟ್ಟದ್ದು ಅದು ಎಲ್ಲಕ್ಕಿಂತ ಕಡಿಮೆಯದೆಂದೋ, ಉಳಿದ ಆರನ್ನು ದಾಟಿ ಬಂದವರಿಗಷ್ಟೇ ಸಿಗುವಂಥದೆಂದೋ ಎಂಬುದನ್ನು ವಿಧಿ ಹೇಳುವುದಿಲ್ಲ. ಬಾಳಿನಲ್ಲಿ ಮಾತ್ರ ಆರೂ ದಕ್ಕಿ ಏಳನೆಯದೊಂದು ದಕ್ಕದ ಮನೆಗಳು ಎಷ್ಟೋ ಇವೆಯೆಂಬುದನ್ನು ಯಾವ ಊರಿನ ಹಿರಿಯರೂ ಅಲ್ಲಗಳೆಯಲಾರರು. ಗಂಡಹೆಂಡಿರ ನಡುವಿನ ಈ ಗೆಳೆತನ ಯಾವುದರಿಂದ ಹುಟ್ಟುತ್ತದೆ, ಹುಟ್ಟಿದ ಮೇಲೆ ಯಾವುದರ ಕೊರತೆಯಿಂದ ಬಾಡುತ್ತದೆ ಎಂಬುದು ಮನೆಯೊಳಗಿನ ಖಾಸಗಿ ಸಂಗತಿಯೆಂದು ಬಿಟ್ಟುಬಿಡಬಹುದಾದಷ್ಟು ಸಣ್ಣ ಪ್ರಶ್ನೆಯಲ್ಲ. ಅದು ದುಡಿಮೆಯ ಪ್ರಶ್ನೆ, ಕೂಲಿಯ ಪ್ರಶ್ನೆ, ಹೆಸರಿನ ಪ್ರಶ್ನೆಯೂ ಹೌದು.

ಇಂಥ ಪ್ರಶ್ನೆಯನ್ನು ಶಿವಯೋಗ ಮಂದಿರದ ಸುತ್ತಣ ಸೀಮೆಯಲ್ಲಿ ನಿಂತು ಕೇಳುವುದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲೆ ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ಇರುವುದೇ ಸಂಸಾರಕ್ಕೆ ಇಳಿಯದವರನ್ನು ರೂಪಿಸುವುದಕ್ಕೆ. ವಟುಗಳು, ಎಂದರೆ ಮುಂದೆ ಮಠಗಳ ಹೊಣೆ ಹೊರಲಿರುವ ಎಳೆಯ ಸಾಧಕರು, ಇಲ್ಲಿ ಶಾಸ್ತ್ರ, ಸಂಸ್ಕೃತ, ಸಂಗೀತ, ಯೋಗಗಳನ್ನು ಕಲಿಯುತ್ತಾರೆ. ಗೋಶಾಲೆಯ ಆಕಳ ಸಗಣಿಯನ್ನು ಉಂಡೆ ಕಟ್ಟಿ, ಒಣಗಿಸಿ, ಸುಟ್ಟು, ಬೂದಿಯನ್ನು ನೀರಿನಲ್ಲಿ ಸೋಸಿ ವಿಭೂತಿ ಗಟ್ಟಿಗಳನ್ನು ಮಾಡುವ ಕೆಲಸಕ್ಕೂ ಮಂದಿರ ಹೆಸರಾಗಿದೆ. ಆದರೆ ಇದೇ ಕುಮಾರ ಶಿವಯೋಗಿಗಳು ಅದಕ್ಕೂ ಐದು ವರ್ಷ ಮೊದಲು, 1904ರಲ್ಲಿ, ಗೃಹಸ್ಥರೇ ಬಹುಸಂಖ್ಯೆಯಲ್ಲಿರುವ ಅಖಿಲ ಭಾರತ ವೀರಶೈವ ಮಹಾಸಭೆಯನ್ನು ಕಟ್ಟಿದವರೆಂಬುದನ್ನು ಮರೆಯಬಾರದು. ವಿರಕ್ತನ ದಾರಿ ಗೃಹಸ್ಥನ ದಾರಿಯನ್ನು ಕೀಳುಗಳೆಯುವುದರಿಂದ ಹುಟ್ಟಿದ್ದಲ್ಲ. ಮಂದಿರದ ಮೆಟ್ಟಿಲ ಬಳಿ ಹರಿಯುವ ಹೊಳೆ ಮುಂದೆ ಪಟ್ಟದಕಲ್ಲು, ಐಹೊಳೆಗಳನ್ನು ಹಾದು ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ಹೊಳೆಯ ಆಚೀಚೆ ಸಂಸಾರವನ್ನೇ ಸಾಧನೆಯಾಗಿ ಮಾಡಿಕೊಂಡ ಜೋಡಿಗಳ ನೆನಪು, ಒಂದೇ ಮಗ್ಗದ ಎರಡು ಬದಿಯಲ್ಲಿ ಇಂದಿಗೂ ದುಡಿಯುವ ಜೋಡಿಗಳ ಬದುಕು, ಕೆಂಪು ಬಂಡೆಗಳನ್ನು ಹಗ್ಗ ಹಿಡಿದು ಏರಲು ಬರುವ ಜೋಡಿಗಳ ಸಾಹಸ ಎಲ್ಲವೂ ಒಂದು ದಿನದ ಪ್ರಯಾಣದೊಳಗೆ ಸಿಗುತ್ತವೆ.

ಗಂಡಹೆಂಡಿರ ಗೆಳೆತನವೆಂದರೆ ಬಿಡುವಿನ ಹೊತ್ತಿನ ಮಾತು, ಕೂಡಿ ಹೋಗುವ ಪ್ರವಾಸ, ಒಬ್ಬರ ಮುಖ ಒಬ್ಬರು ನೋಡುತ್ತ ಕಳೆಯುವ ಸಂಜೆ ಎಂಬ ಕಲ್ಪನೆ ಸಿನಿಮಾ ಮತ್ತು ಮೊಬೈಲುಗಳ ಮೂಲಕ ಈಗ ಎಲ್ಲ ಕಡೆ ಹಬ್ಬಿದೆ. ಈ ಕಲ್ಪನೆ ಸುಳ್ಳಲ್ಲ, ಆದರೆ ಅದು ಗೆಳೆತನದ ಫಲವನ್ನು ಅದರ ಬೇರೆಂದು ತಿಳಿಯುತ್ತದೆ. ಬೇರು ಇರುವುದು ಇಬ್ಬರ ಹೊರಗಿನ ಮೂರನೆಯ ವಸ್ತುವೊಂದರಲ್ಲಿ: ನೇಯಬೇಕಾದ ಸೀರೆ, ಸೋರುವ ಮಾಳಿಗೆ, ಏರಬೇಕಾದ ಬಂಡೆ, ಉಣಿಸಬೇಕಾದ ಅತಿಥಿ. ಕೈಗಳು ಅದರ ಮೇಲೆ ಕೂಡಿ ಕೆಲಸ ಮಾಡುವಾಗ ಒಬ್ಬರ ಜಾಣ್ಮೆ, ಒಬ್ಬರ ಆಯಾಸ, ಒಬ್ಬರ ಅಂಜಿಕೆ ಇನ್ನೊಬ್ಬರಿಗೆ ಹೇಳದೆಯೇ ತಿಳಿಯುತ್ತದೆ. ಇಷ್ಟಕ್ಕೇ ನಿಲ್ಲಿಸಿದರೆ ಮಾತು ಅರ್ಧವಾಗುತ್ತದೆ, ಏಕೆಂದರೆ ಕೂಡಿ ದುಡಿದ ಮಾತ್ರಕ್ಕೆ ಗೆಳೆತನ ಬರುವುದಾಗಿದ್ದರೆ ನೊಗಕ್ಕೆ ಕಟ್ಟಿದ ಎತ್ತುಗಳನ್ನೂ ಗೆಳೆಯರೆನ್ನಬೇಕಾಗುತ್ತಿತ್ತು. ಜೋಡಿಗೆಲಸ ಸಖ್ಯವಾಗುವುದು, ಕೆಲಸದ ನಡುವೆ ‘ಸಾಕು’, ‘ಬೇಡ’, ‘ತಪ್ಪಿದೆ, ಬಿಚ್ಚು’ ಎನ್ನುವ ಅಧಿಕಾರ ಇಬ್ಬರಿಗೂ ಸಮನಾಗಿದ್ದಾಗ, ಮತ್ತು ಆ ಮಾತನ್ನು ಕೇಳಿದ ಕೈ ನಿಂತಾಗ.

ಇದನ್ನು ಪರೀಕ್ಷಿಸಲು ಇಳಕಲ್ಲಿನ ಮಗ್ಗಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದು ಕಟ್ಟುವ ನೂಲು. ಹೊಕ್ಕು ಎಂದರೆ ಲಾಳಿಯೊಳಗಿನ ಕಂಡಿಕೆಯಿಂದ ಬಿಚ್ಚಿಕೊಳ್ಳುತ್ತ ಅಡ್ಡಕ್ಕೆ ಹಾಯುವ ನೂಲು. ಸಾಮಾನ್ಯ ಬಟ್ಟೆಯಲ್ಲಿ ಉದ್ದನೆಯ ಒಂದೇ ಹಾಸನ್ನು ಏರಿಸಿ ಸಾಲಾಗಿ ಹಲವು ತುಂಡುಗಳನ್ನು ನೇಯ್ದು ಕತ್ತರಿಸಬಹುದು. ಇಳಕಲ್ಲಿನ ಟೋಪ ತೆನಿ ಸೆರಗಿನ ಸೀರೆಗೆ ಅದು ಸಾಧ್ಯವಿಲ್ಲ, ಏಕೆಂದರೆ ಇಲ್ಲಿ ಮೈಯ ಹಾಸು ಬೇರೆ, ಕೆಂಪು ರೇಷ್ಮೆಯ ಸೆರಗಿನ ಹಾಸು ಬೇರೆ. ಮೈಯ ಹಾಸಿನ ಎಳೆಗಳ ಕುಣಿಕೆಯನ್ನೂ ಸೆರಗಿನ ಹಾಸಿನ ಎಳೆಗಳ ಕುಣಿಕೆಯನ್ನೂ ಒಂದರೊಳಗೊಂದು ಸಿಕ್ಕಿಸಿ ಅಗಲದುದ್ದಕ್ಕೂ ಸಾಲಾಗಿ ಕೂಡಿಸಬೇಕು. ಆದ್ದರಿಂದ ಪ್ರತಿಯೊಂದು ಸೀರೆಗೂ, ಅದು ಆರು ಗಜದ್ದಿರಲಿ, ಎಂಟು ಅಥವಾ ಒಂಬತ್ತು ಗಜದ್ದಿರಲಿ, ಹಾಸನ್ನು ಹೊಸದಾಗಿಯೇ ಹೂಡಬೇಕು, ಹೊಸದಾಗಿಯೇ ಕೂಡಿಸಬೇಕು. ಇನ್ನೊಂದು ವಿಧಾನವಾದ ಕೊಂಡಿಯಲ್ಲಿ ಮೈಗೊಂದು, ಎರಡು ಬದಿಯ ದಡಿಗಳಿಗೆ ಒಂದೊಂದು ಎಂದು ಮೂರು ಲಾಳಿಗಳು ಓಡಾಡಿ, ಮೈಯ ಹೊಕ್ಕು ದಡಿಯ ಹೊಕ್ಕಿನೊಡನೆ ಕೊಂಡಿ ಹಾಕಿಕೊಂಡು ಹಿಂದಿರುಗುತ್ತದೆ. ದಡಿಯ ಬಣ್ಣಕ್ಕೆ ಮೈಯ ಬಣ್ಣ ಬೆರೆಯದಿರುವುದು ಇದರಿಂದಲೇ. ಗೋಮಿ, ಗಾಯತ್ರಿ, ಪರಾಸ್ಪೇಟ್ ಎಂದು ಹೆಸರಿಟ್ಟು ಗುರುತಿಸುವ ದಡಿಗಳನ್ನು ನೋಡುವವರು ಚೆಲುವನ್ನು ನೋಡುತ್ತಾರೆ. ಆ ಚೆಲುವಿನ ಹಿಂದಿರುವುದು ಬೇರೆ ಬೇರೆ ಎಳೆಗಳನ್ನು ಒಂದರ ಗುಣ ಇನ್ನೊಂದು ಕೆಡಿಸದಂತೆ ಕೂಡಿಸುವ ವಿದ್ಯೆ.

ಕುಣಿಮಗ್ಗ ಎಂದರೆ ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲಿಳಿಬಿಟ್ಟು ಕುಳಿತು ನೇಯುವ ಮಗ್ಗ. ಅದು ಮನೆಯೊಳಗೇ ಇರುತ್ತದೆ. ಅಡುಗೆಯ ಒಲೆಗೂ ಅದಕ್ಕೂ ನಡುವೆ ಹತ್ತು ಹೆಜ್ಜೆಯೂ ಇರದ ಮನೆಗಳಿವೆ. ಬಹುಮಟ್ಟಿಗೆ ಗಂಡ ಕುಣಿಗೆ ಇಳಿಯುತ್ತಾನೆ, ಹೆಂಡತಿ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಾಳೆ, ಹಾಸು ಹೂಡುತ್ತಾಳೆ, ಗಂಜಿ ಹಾಕಲು ಕೈಗೂಡಿಸುತ್ತಾಳೆ, ಕಡಿದ ಎಳೆಗಳನ್ನು ಹೆಕ್ಕಿ ಕೂಡಿಸುತ್ತಾಳೆ. ರಾಟೆ ನಿಂತರೆ ಲಾಳಿ ಬರಿದಾಗುತ್ತದೆ, ಲಾಳಿ ಬರಿದಾದರೆ ಮಗ್ಗ ನಿಲ್ಲುತ್ತದೆ. ಮಗ್ಗದ ಸದ್ದಿಗೆ ರಾಟೆ, ರಾಟೆಯ ಸದ್ದಿಗೆ ಮಗ್ಗ ಕಿವಿಗೊಟ್ಟೇ ನಡೆಯಬೇಕಾದ ಈ ದುಡಿಮೆಯಲ್ಲಿ ಇಬ್ಬರ ಲಯ ಕೂಡಿಬರುವುದಕ್ಕೆ ಮಾತೇ ಬೇಕಾಗುವುದಿಲ್ಲ. ‘ಹಾಸುಹೊಕ್ಕು’ ಎಂಬ ನುಡಿಗಟ್ಟನ್ನು ಕನ್ನಡಿಗರು ಎಷ್ಟೋ ಸಂಗತಿಗಳಿಗೆ ಬಳಸಿ ಸವೆಸಿದ್ದಾರೆ. ಅದರ ನಿಜವಾದ ತೂಕ ತಿಳಿಯುವುದು ಇಂಥ ಮನೆಯಲ್ಲಿ.

ಆದರೂ ‘ಈ ಮನೆಯಲ್ಲಿ ನೇಯುವವರು ಯಾರು’ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಗಂಡನ ಹೆಸರು. ‘ನೇಯೋರು ಅವ್ರು, ನಾ ಸುಮ್ನ ಕಂಡಿಕಿ ಸುತ್ತತೀನ್ರಿ’ ಎಂಬ ಧಾಟಿಯ ಮಾತಿನಲ್ಲಿ ಆ ‘ಸುಮ್ನ’ ಎಂಬ ಒಂದು ಪದ ದಿನದ ಅರ್ಧ ದುಡಿಮೆಯನ್ನು ನುಂಗಿಹಾಕುತ್ತದೆ. ಮಜೂರಿ ಸೀರೆಯ ಲೆಕ್ಕದಲ್ಲಿ ಬರುತ್ತದೆ, ಗಂಟೆಯ ಲೆಕ್ಕದಲ್ಲಲ್ಲ. ನೂಲು ಕೊಟ್ಟು ಸೀರೆ ಕೊಳ್ಳುವ ಸಾಹುಕಾರನಾಗಲಿ ಸಹಕಾರ ಸಂಘವಾಗಲಿ ಕೊಡುವ ಹಣ ನೇಕಾರನ ಕೈಗೆ ಬೀಳುತ್ತದೆ, ಹಾಸು ಹೂಡಿದ ಕೈಗೆ ಬೇರೆಯಾಗಿ ಏನೂ ಬೀಳುವುದಿಲ್ಲ. 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿ ದೇಶದ 35 ಲಕ್ಷಕ್ಕೂ ಹೆಚ್ಚಿನ ಕೈಮಗ್ಗ ದುಡಿಮೆಗಾರರಲ್ಲಿ ಹತ್ತಕ್ಕೆ ಏಳಕ್ಕಿಂತ ಹೆಚ್ಚು ಮಂದಿ ಮಹಿಳೆಯರೆಂದು ಎಣಿಸಿತು. ಹೆಂಗಸರೇ ಮಗ್ಗಕ್ಕೆ ಕೂರುವ ಈಶಾನ್ಯ ರಾಜ್ಯಗಳ ಪಾಲು ಆ ಸಂಖ್ಯೆಯಲ್ಲಿ ದೊಡ್ಡದು ಎಂಬುದು ನಿಜ. ಆದರೆ ನೂಲು ಸುತ್ತುವವರನ್ನೂ ಹಾಸು ಹೂಡುವವರನ್ನೂ ದುಡಿಮೆಗಾರರೆಂದು ಎಣಿಸಲು ಗಣತಿಯ ಕಾಗದಕ್ಕೆ ಸಾಧ್ಯವಾದದ್ದು ಮನೆಯ ಲೆಕ್ಕಕ್ಕೆ ಇನ್ನೂ ಸಾಧ್ಯವಾಗಿಲ್ಲವೆಂಬುದು ನೋವಿನ ಸಂಗತಿ. ಹೆಸರಿಲ್ಲದ ದುಡಿಮೆಗೆ ‘ಸಾಕು’ ಎನ್ನುವ ಅಧಿಕಾರವೂ ಇರುವುದಿಲ್ಲ. ಕಂಡಿಕೆ ಸುತ್ತುವುದು ಕೆಲಸವೇ ಅಲ್ಲವೆಂದಾದರೆ, ಅದರಿಂದ ಆಯಾಸವಾಗಿದೆ ಎನ್ನುವುದಕ್ಕೂ ಅರ್ಥವಿರುವುದಿಲ್ಲ.

ಇದೇ ಸೀಮೆಯ ನೆರೆಯಲ್ಲಿ ಎಂಟು ಶತಮಾನಗಳ ಹಿಂದೆಯೇ ಒಬ್ಬ ಹೆಣ್ಣುಮಗಳು ಈ ಅಧಿಕಾರವನ್ನು ಬಳಸಿದ್ದಳೆಂಬುದು ಕನ್ನಡ ಸಂಸ್ಕೃತಿಯ ದೊಡ್ಡ ಹೆಮ್ಮೆಗಳಲ್ಲೊಂದಾಗಬೇಕು. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಕಲ್ಯಾಣಕ್ಕೆ ಹೋಗಿ ನೆಲೆಸಿದರು. ಆಯ್ದಕ್ಕಿ ಎಂಬುದೇ ಕೆಲಸದ ಹೆಸರು: ನೆಲಕ್ಕೆ ಬಿದ್ದ ಅಕ್ಕಿಯನ್ನು ಕಾಳು ಕಾಳಾಗಿ ಆಯುವುದು. ಮಾರಯ್ಯ ಆಯ್ದು ತರುವುದು, ಲಕ್ಕಮ್ಮ ಅಟ್ಟು ಜಂಗಮರಿಗೆ ಉಣಿಸಿ ತಾವೂ ಉಣ್ಣುವುದು, ಇದು ಅವರ ಕಾಯಕ, ಇದೇ ಅವರ ದಾಸೋಹ. ಕಾಯಕವೆಂದರೆ ಹೊಟ್ಟೆಯ ದುಡಿಮೆಯನ್ನೇ ಪೂಜೆಯಾಗಿ ಮಾಡುವುದು, ದಾಸೋಹವೆಂದರೆ ಆ ದುಡಿಮೆಯ ಫಲವನ್ನು ತನ್ನದೆನ್ನದೆ ಹಂಚುವುದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದನೆಂದೂ, ಅದನ್ನು ಕಂಡ ಲಕ್ಕಮ್ಮ ಇದು ಆಸೆಯ ಅಕ್ಕಿಯೆಂದು ಗುರುತಿಸಿ ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂದೂ, ಮಾರಯ್ಯ ಹಾಗೆಯೇ ಮಾಡಿದನೆಂದೂ ಪರಂಪರೆ ಹೇಳುತ್ತದೆ. ಅನುಭಾವದ ಮಾತಿನಲ್ಲಿ ಮೈಮರೆತು ಕೂತ ಗಂಡನನ್ನು ಕಾಯಕಕ್ಕೆ ಎಬ್ಬಿಸಿ ಕಳಿಸಿದವಳೂ ಅವಳೇ. ಹೀಗೆ ‘ಸಾಕು’ ಎನ್ನುವುದೂ ‘ಹೊರಡು’ ಎನ್ನುವುದೂ ಅವಳ ಬಾಯಲ್ಲಿತ್ತು.

ಈ ಕಥೆಯನ್ನು ನಿರಾಶೆ ಅಥವಾ ಬಡತನದ ಮಹಿಮೆಯ ಕಥೆಯಾಗಿ ಹೇಳುವುದೇ ರೂಢಿ. ಅದರ ಒಳಗಿನ ಏರ್ಪಾಡನ್ನು ಗಮನಿಸಿದವರು ಕಡಿಮೆ. ಅಕ್ಕಿಯನ್ನು ಆಯುವವನು ಗಂಡ, ಹೊರಗಿನ ಅಂಗಳ ಅವನದು, ಆದರೆ ಎಷ್ಟು ಅಕ್ಕಿ ಮನೆಗೆ ಸಲ್ಲುತ್ತದೆ ಎಂಬ ಲೆಕ್ಕ ಹೆಂಡತಿಯದು; ಆ ಲೆಕ್ಕವನ್ನು ಅವಳು ಗಂಡನ ಬೆನ್ನ ಹಿಂದೆ ಗೊಣಗಲಿಲ್ಲ, ನೇರವಾಗಿ ಹೇಳಿದಳು; ಅವನು ಅದನ್ನು ತನ್ನ ಮಾನದ ಪ್ರಶ್ನೆಯನ್ನಾಗಿ ಮಾಡಿಕೊಳ್ಳದೆ ಮತ್ತೆ ಅಂಗಳದವರೆಗೆ ನಡೆದ. ಮಾರಯ್ಯನ ಹಿರಿಮೆ ಇರುವುದು ಆ ಹಿಂದಿರುಗುವ ನಡಿಗೆಯಲ್ಲಿ. ಎಂದರೆ ‘ಸಾಕು’ ಎನ್ನುವುದಕ್ಕೆ ಒಬ್ಬರ ಧೈರ್ಯ ಬೇಕಾದಷ್ಟೇ ಅದನ್ನು ಕೇಳಿ ಹಿಂದಿರುಗುವುದಕ್ಕೆ ಇನ್ನೊಬ್ಬರ ಗೆಳೆತನ ಬೇಕು. ಆದರೂ ಪೂರ್ಣ ಸಮತೆ ಅಲ್ಲಿಯೂ ಬಂದಿರಲಿಲ್ಲವೆಂಬುದಕ್ಕೆ ಅಂಕಿತಗಳೇ, ಅಂದರೆ ವಚನದ ಕೊನೆಗೆ ಬರುವ ಮುದ್ರೆಗಳೇ, ಸಾಕ್ಷಿ. ಲಕ್ಕಮ್ಮನ ಅಂಕಿತದಲ್ಲಿ ಇಷ್ಟದೈವದ ಹೆಸರಿನ ಮುಂದೆ ‘ಮಾರಯ್ಯಪ್ರಿಯ’ ಎಂದಿದೆ. ನೇಕಾರ ಜೇಡರ ದಾಸಿಮಯ್ಯನ ಮಡದಿ ದುಗ್ಗಳೆಯ ಅಂಕಿತದಲ್ಲಿ ರಾಮನಾಥನ ಮುಂದೆ ‘ದಾಸಯ್ಯಪ್ರಿಯ’ ಎಂದಿದೆ. ಮಾರಯ್ಯನ ಅಂಕಿತದಲ್ಲಿ ಲಕ್ಕಮ್ಮನಿಲ್ಲ, ದಾಸಿಮಯ್ಯನ ಅಂಕಿತದಲ್ಲಿ ದುಗ್ಗಳೆಯಿಲ್ಲ. ದುಗ್ಗಳೆಯೂ ನೇಕಾರರ ಮನೆಯ ಹೆಣ್ಣೆಂಬುದನ್ನು ನೆನೆದರೆ ಇಳಕಲ್ಲಿನ ಆ ‘ಸುಮ್ನ’ ಎಂಬ ಮಾತಿನ ಬೇರು ಎಷ್ಟು ಆಳದ್ದೆಂದು ತಿಳಿಯುತ್ತದೆ.

‘ಸಾಕು’ ಎನ್ನುವ ಅಧಿಕಾರದ ಕೊನೆಯ ಗಡಿ ಹೊರಟುಹೋಗುವ ಅಧಿಕಾರ. ಹರಿಹರನ ರಗಳೆಯಲ್ಲಿ ಮಹಾದೇವಿಯಕ್ಕ ಅರಸ ಕೌಶಿಕನಿಗೆ ಮೂರು ಷರತ್ತುಗಳನ್ನು ಹಾಕಿ ಮದುವೆಯಾಗುತ್ತಾಳೆ, ಅವು ಮುರಿದಾಗ ಅರಮನೆಯನ್ನೇ ಬಿಟ್ಟು ನಡೆಯುತ್ತಾಳೆ; ಮದುವೆಯೇ ಆಗಲಿಲ್ಲವೆನ್ನುವ ಕಾವ್ಯಪರಂಪರೆಯೂ ಇದೆ. ಅವಳ ದಾರಿ ಎಲ್ಲರದಲ್ಲ. ಆದರೆ ಲಕ್ಕಮ್ಮ ಉಳಿದದ್ದಕ್ಕೂ ಅಕ್ಕ ಹೊರಟದ್ದಕ್ಕೂ ಕಾರಣ ಒಂದೇ ಜಾತಿಯದು: ಒಬ್ಬಳ ‘ಸಾಕು’ ಕೇಳಿಸಿತು, ಇನ್ನೊಬ್ಬಳದು ಕೇಳಿಸಲಿಲ್ಲ.

ಮನೆ ಕಟ್ಟುವ, ಮನೆ ಉಳಿಸಿಕೊಳ್ಳುವ ಕೆಲಸಗಳಲ್ಲಿಯೂ ಇದೇ ನಡೆಯುತ್ತದೆ. ಈ ಭಾಗದ ಹಳೆಯ ಮನೆಗಳು ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆಯವು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಸವಳು ಮಣ್ಣನ್ನು ಹರಡಿ ತುಳಿದು ಹದಗೊಳಿಸದಿದ್ದರೆ ಮೊದಲ ಮಳೆಗೇ ಒಳಗೆ ಸೋರುತ್ತದೆ. ಸೋರುವುದನ್ನು ಮೊದಲು ಕಾಣುವವರು ಒಳಗೆ ಇರುವವರು, ಮಣ್ಣು ಹಾಕಲು ಮೇಲೇರುವವರು ಹೊರಗೆ ಇರುವವರು. ಕೆಳಗಿನಿಂದ ‘ಇಲ್ಲಿ, ಬೆಳಕಿಂಡಿಯ ಮಗ್ಗುಲಿಗೆ’ ಎಂದು ಕೂಗಿ ಹೇಳುವ ದನಿಗೆ ಮೇಲಿನ ಸಲಿಕೆ ಕಿವಿಗೊಡಬೇಕು. 2009ರಲ್ಲಿ ಮತ್ತು 2019ರಲ್ಲಿ ಮಲಪ್ರಭೆ ಉಕ್ಕಿ ದಂಡೆಯ ಊರುಗಳ ಮನೆಗಳಿಗೆ ನೀರು ನುಗ್ಗಿದ ಮೇಲೆ ಎಷ್ಟೋ ಸಂಸಾರಗಳು ಗೋಡೆಯಿಂದಲೇ ಮತ್ತೆ ಶುರುಮಾಡಬೇಕಾಯಿತು. ಪರಿಹಾರದ ಮಾತು ಬಂದಾಗಲೆಲ್ಲ ಮನೆಯೆಂದರೆ ಗೋಡೆ ಮತ್ತು ಚಾವಣಿ ಎಂದೇ ಲೆಕ್ಕ. ಒಲೆಯ ಜಾಗ, ನೀರಿನ ಜಾಗ, ಮಗ್ಗದ ಕುಣಿಯ ಜಾಗ ಎಲ್ಲಿರಬೇಕೆಂದು ಆ ಮನೆಯಲ್ಲಿ ಹಗಲೆಲ್ಲ ಇರುವ ಹೆಣ್ಣುಮಗಳನ್ನು ಕೇಳಿ ಕಟ್ಟಿದ ಮನೆಗೂ ಕೇಳದೆ ಕಟ್ಟಿದ ಮನೆಗೂ ಇರುವ ವ್ಯತ್ಯಾಸವನ್ನು ಆ ಊರುಗಳಲ್ಲಿ ಯಾರು ಬೇಕಾದರೂ ಕೈತೋರಿಸಿ ಹೇಳಬಲ್ಲರು.

ಇನ್ನು ಸಾಹಸದ ಮಾತು. ಮಳೆಗಾಲ ಮುಗಿದು ಬಿಸಿಲು ಹದವಾಗುವ ತಿಂಗಳುಗಳಲ್ಲಿ ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳನ್ನು ಏರಲು ಬೆಂಗಳೂರಿನಿಂದಲೂ ಹೊರದೇಶಗಳಿಂದಲೂ ಜನ ಬರುತ್ತಾರೆ. ಅವರಲ್ಲಿ ಗಂಡಹೆಂಡಿರೂ ಇರುತ್ತಾರೆ. ಇಲ್ಲಿನ ಕಲ್ಲು ಪದರು ಪದರಾಗಿ ಅಡ್ಡಕ್ಕೆ ಸೀಳಿಕೊಂಡಿರುವುದರಿಂದ ಬೆರಳಿಗೆ, ಕಾಲ ತುದಿಗೆ ಹಿಡಿತಗಳು ಸಿಗುತ್ತವೆ. ಏರುವವರ ಸೊಂಟದ ಪಟ್ಟಿಗೆ ಗಂಟು ಹಾಕಿದ ಹಗ್ಗದ ಇನ್ನೊಂದು ಭಾಗ ಕೆಳಗೆ ನಿಂತವರ ಪಟ್ಟಿಯಲ್ಲಿರುವ ಸಣ್ಣ ಲೋಹದ ಸಾಧನದ ಮೂಲಕ ಹಾದುಹೋಗುತ್ತದೆ. ಹೀಗೆ ಹಗ್ಗ ಹಿಡಿದು ಕಾಯುವುದನ್ನು ಆರೋಹಿಗಳು ಬಿಲೇ ಎನ್ನುತ್ತಾರೆ. ಏರುವವರು ಬಂಡೆಗೆ ಕೂರಿಸಿದ ಉಕ್ಕಿನ ಬೋಲ್ಟುಗಳಿಗೆ ಹಗ್ಗವನ್ನು ಸಿಕ್ಕಿಸುತ್ತ ಹೋಗುತ್ತಾರೆ. ಕೊನೆಯ ಬೋಲ್ಟಿನಿಂದ 2 ಮೀಟರ್ ಮೇಲಿರುವಾಗ ಕೈಜಾರಿದರೆ ಬೋಲ್ಟಿನವರೆಗೆ 2, ಅದರ ಕೆಳಗೆ ಇನ್ನೂ 2, ಒಟ್ಟು 4 ಮೀಟರ್ ಬೀಳಬೇಕಾಗುತ್ತದೆ. ಹಗ್ಗದ ಹಿಗ್ಗುವಿಕೆ ಮತ್ತು ಸಡಿಲ ಅದಕ್ಕೆ ಸೇರುತ್ತವೆ. ಆ ಬೀಳು ಅಷ್ಟಕ್ಕೇ ನಿಲ್ಲುವುದು ಕೆಳಗಿನ ಕೈ ಎಚ್ಚರವಾಗಿದ್ದರೆ.

ಹೊರಗಿನಿಂದ ನೋಡುವವರ ಕಣ್ಣೆಲ್ಲ ಬಂಡೆಯ ಮೇಲಿರುವವರ ಕಡೆಗೆ. ಈ ಆಟದ ಶಿಸ್ತು ಗೊತ್ತಿದ್ದವರಿಗೆ ಮಾತ್ರ ಏರುವುದು ಅರ್ಧ ಕೆಲಸ, ಕಾಯುವುದು ಇನ್ನರ್ಧ ಎಂಬುದು ತಿಳಿದಿರುತ್ತದೆ. ಏರುವ ಮೊದಲು ಇಬ್ಬರೂ ಒಬ್ಬರ ಗಂಟನ್ನು ಇನ್ನೊಬ್ಬರು ಕೈಯಿಂದ ಮುಟ್ಟಿ ಪರೀಕ್ಷಿಸುವುದು ಕಟ್ಟಳೆ. ಇಪ್ಪತ್ತು ವರ್ಷ ಏರಿದವರ ಗಂಟನ್ನೂ ಹೊಸಬರು ಪರೀಕ್ಷಿಸಬೇಕು, ಅದನ್ನು ಅಪನಂಬಿಕೆಯೆಂದು ಯಾರೂ ಭಾವಿಸುವುದಿಲ್ಲ. ಮಳೆ ಬಿದ್ದು ಮರಳುಗಲ್ಲು ನೆನೆದಿದ್ದರೆ ಅದರ ಗಟ್ಟಿತನ ಕುಗ್ಗಿ ಹಿಡಿತಗಳು ಮುರಿಯಬಹುದೆಂದು ಕೆಳಗಿರುವವರು ‘ಇವತ್ತು ಬೇಡ’ ಎಂದರೆ ಮೇಲಿರುವವರು ಇಳಿಯುತ್ತಾರೆ. ಇಬ್ಬರ ಮೈಭಾರದಲ್ಲಿ ಬಹಳ ವ್ಯತ್ಯಾಸವಿದ್ದರೆ, ಭಾರದವರು ಬಿದ್ದಾಗ ಹಗುರವಾದವರು ನೆಲ ಬಿಟ್ಟು ಮೇಲಕ್ಕೆ ಸೆಳೆಯಲ್ಪಡುತ್ತಾರೆ; ಆದ್ದರಿಂದ ಆ ವ್ಯತ್ಯಾಸವನ್ನು ಮೊದಲೇ ಬಾಯಿಬಿಟ್ಟು ಹೇಳಿ, ಹಗುರವಾದವರನ್ನು ನೆಲದ ಆಸರೆಯೊಂದಕ್ಕೆ ಕಟ್ಟುತ್ತಾರೆ. ಮನೆವಾರ್ತೆಯಲ್ಲಿ ಈ ಮೂರೂ ಎಷ್ಟು ಅಪರೂಪವೆಂಬುದನ್ನು ಯೋಚಿಸಬೇಕು. ಒಬ್ಬರ ಗಂಟನ್ನು ಇನ್ನೊಬ್ಬರು ಪರೀಕ್ಷಿಸಿದರೆ ಅಲ್ಲಿ ಅವಮಾನವಾಗುತ್ತದೆ. ‘ಇವತ್ತು ಬೇಡ’ ಎಂಬುದು ಹಟವೆನಿಸುತ್ತದೆ. ಸಂಪಾದನೆಯ, ಓದಿನ, ತವರಿನ ಬಲದ ವ್ಯತ್ಯಾಸಗಳನ್ನು ಬಾಯಿಬಿಟ್ಟು ಹೇಳಿ ಹಗುರವಾದವರಿಗೆ ಆಸರೆ ಕಟ್ಟುವ ಬದಲು, ಅವರು ಪ್ರತಿ ಬೀಳಿನಲ್ಲೂ ನೆಲ ಬಿಟ್ಟು ಎಳೆಯಲ್ಪಡುವುದನ್ನೇ ಹೊಂದಾಣಿಕೆ ಎಂದು ಕರೆಯಲಾಗುತ್ತದೆ.

ಇದೇ ಬಂಡೆಸಾಲಿನಲ್ಲಿ ಚಾಲುಕ್ಯರ ಮಂಗಳೇಶ 578ರಲ್ಲಿ ಕೊರೆಸಿದ ಮೂರನೆಯ ಗುಹಾಲಯದ ಕಂಬಗಳ ಮೇಲ್ತುದಿಯಲ್ಲಿ, ಕಂಬ ತೊಲೆಯನ್ನು ಕೂಡುವ ಕಡೆ, ಮರದ ನೆರಳಲ್ಲಿ ನಿಂತ ದಂಪತಿಗಳ ಶಿಲ್ಪಗಳಿವೆ. ಅವನ್ನು ಶೃಂಗಾರದ ಶಿಲ್ಪಗಳೆಂದು ತೋರಿಸಿ ಮುಂದೆ ಸಾಗುವುದು ವಾಡಿಕೆ. ಭಾರ ಕಂಬಕ್ಕೆ ಇಳಿಯುವ ಜಾಗದಲ್ಲೇ ಚಾಲುಕ್ಯರ ಶಿಲ್ಪಿ ಜೋಡಿಯನ್ನು ನಿಲ್ಲಿಸಿದ್ದಾನೆಂಬುದನ್ನು ನೋಡಲು ಕತ್ತು ಸ್ವಲ್ಪ ಹೆಚ್ಚು ಎತ್ತಬೇಕಾಗುತ್ತದೆ.

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಎಂಟನೆಯ ಭಾಗದಲ್ಲಿ ಗಂಡಹೆಂಡಿರ ಗೆಳೆತನವನ್ನು ಸಹಜವಾದದ್ದೆಂದೂ, ಇಬ್ಬರೂ ಬೇರೆ ಬೇರೆ ಕೆಲಸಗಳನ್ನು ಹಂಚಿಕೊಂಡು ತಮ್ಮ ತಮ್ಮ ಗುಣಗಳನ್ನು ಒಟ್ಟು ಬದುಕಿಗೆ ತಂದು ಸುರಿಯುವುದರಿಂದ ಅದರಲ್ಲಿ ಉಪಯೋಗವೂ ಸಂತೋಷವೂ ಇದೆಯೆಂದೂ ವಿವರಿಸುತ್ತಾನೆ. ಇಷ್ಟನ್ನು ಕಂಡ ಆ ಕಣ್ಣೇ ಗಂಡ ಯೋಗ್ಯತೆಯಿಂದ ಆಳುವವನೆಂದೂ ಹೇಳಿ ನಿಲ್ಲುತ್ತದೆ. ಆಳುವವನಿಗೆ ‘ಸಾಕು’ ಎನ್ನುವುದು ಸಲಹೆಯಾದೀತು, ನಿರ್ಣಯವಾಗದು. ಲಕ್ಕಮ್ಮ ಕೊಟ್ಟದ್ದು ನಿರ್ಣಯ.

ಕನ್ನಡದ ಆಧುನಿಕ ಕಾಲದಲ್ಲಿ ಕಾಡು, ಮನೆಗೆಲಸ, ಗೆಳೆತನಗಳನ್ನು ಒಂದೇ ಬದುಕಾಗಿ ಬಾಳಿದ ಜೋಡಿಯೆಂದರೆ ಯಾರಿಗಾದರೂ ಮೊದಲು ನೆನಪಾಗುವವರು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ. 1966ರ ನವೆಂಬರಿನಲ್ಲಿ ಚಿತ್ರಕೂಟ ತೋಟದಲ್ಲಿ ನಡೆದ ಅವರ ಮದುವೆಯೇ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಮೊದಲ ಮದುವೆ. ಪುರೋಹಿತರಿಲ್ಲದ, ವರದಕ್ಷಿಣೆಯಿಲ್ಲದ, ಆಡಂಬರವಿಲ್ಲದ ಈ ಪದ್ಧತಿಯಲ್ಲಿ ವಧೂವರರು ಕೇಳುವ ಬೋಧೆಗೆ ಇಬ್ಬರ ಸಮತೆಯೇ ತಳಹದಿ. ಕಾಫಿ ತೋಟ, ಮೀನಿನ ಗಾಳ, ಹಕ್ಕಿಗಳ ಫೋಟೊ, ಬಿಚ್ಚಿ ಜೋಡಿಸುವ ಯಂತ್ರಗಳು, ಹೊತ್ತಲ್ಲದ ಹೊತ್ತಿಗೆ ಬಂದು ಕೂರುವ ಗೆಳೆಯರು, ಎಲ್ಲವೂ ಸೇರಿದ ಆ ಬದುಕನ್ನು ಕನ್ನಡಿಗರು ದಶಕಗಳ ಕಾಲ ಓದಿದ್ದು ತೇಜಸ್ವಿಯವರ ಕಣ್ಣಿನಿಂದ. ‘ಪರಿಸರದ ಕತೆ’ಯಲ್ಲಿ ನಾಯಿ ಕಿವಿಗೂ ಕೆಲಸದಾಳುಗಳಿಗೂ ಸಿಕ್ಕಷ್ಟು ಜಾಗ ಮನೆಯೊಡತಿಗೆ ಸಿಗುವುದಿಲ್ಲ. 2007ರಲ್ಲಿ ತೇಜಸ್ವಿ ತೀರಿಕೊಂಡ ಮೇಲೆ ರಾಜೇಶ್ವರಿ ‘ನನ್ನ ತೇಜಸ್ವಿ’ ಬರೆದಾಗ ಓದುಗರಿಗೆ ಅದೇ ಬದುಕಿನ ಇನ್ನೊಂದು ತುದಿ ಕಂಡಿತು. ಹಗ್ಗದ ಕೆಳಗಿನ ತುದಿಯನ್ನು ಹಿಡಿದವರಿಗೂ ಬರವಣಿಗೆ ಇತ್ತು, ತೀಕ್ಷ್ಣವಾದ ಕಣ್ಣಿತ್ತು. ಆ ಪುಸ್ತಕ ಪ್ರೀತಿಯಿಂದ ತುಂಬಿದೆ. ಅದು ಇಪ್ಪತ್ತು ವರ್ಷ ಮೊದಲೇ ಬಂದಿದ್ದರೆ, ಇಬ್ಬರೂ ಇದ್ದಾಗಲೇ ಎರಡು ಲೆಕ್ಕಗಳು ಎದುರುಬದುರಾಗಿದ್ದರೆ, ಕನ್ನಡಕ್ಕೆ ಎಂಥ ಮಾತುಕತೆ ಸಿಗುತ್ತಿತ್ತೆಂಬ ಹಂಬಲ ಓದಿದವರಿಗೆ ಉಳಿದೇ ಉಳಿಯುತ್ತದೆ. ಪ್ರವಾಸಿ ಬರಹಗಾರ, ವಿಜ್ಞಾನಿ ಕೃಷ್ಣಾನಂದ ಕಾಮತ ಮತ್ತು ಇತಿಹಾಸಕಾರ್ತಿ ಜ್ಯೋತ್ಸ್ನಾ ಕಾಮತರಲ್ಲಿ ಹಾಗಾಗಲಿಲ್ಲ. ಅವರಿಬ್ಬರ ಪುಸ್ತಕಗಳು ಇಬ್ಬರೂ ಇದ್ದಾಗಲೇ ಬೇರೆ ಬೇರೆ ಹೆಸರಿನಲ್ಲಿ ಬಂದವು.

ಇದೆಲ್ಲ ಬಿಡುವುಳ್ಳವರ, ಓದುಬಲ್ಲವರ ಮಾತು, ಕೂಲಿ ಮಾಡಿ ಉಣ್ಣುವವರಿಗೆ ಗೆಳೆತನದ ಸೂಕ್ಷ್ಮಗಳಿಗೆ ಪುರಸೊತ್ತೆಲ್ಲಿ ಎಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಕಳಕಳಿಯಿದೆ, ಆದರೆ ಅದು ವಾಸ್ತವವನ್ನು ತಲೆಕೆಳಗು ಮಾಡುತ್ತದೆ. ಆಯ್ದಕ್ಕಿಯವರು ಸಿರಿವಂತರಾಗಿರಲಿಲ್ಲ. ಎಳ್ಳ ಅಮಾವಾಸ್ಯೆಯಂದು ಈ ಸೀಮೆಯ ರೈತರು ಚರಗ ಚೆಲ್ಲಲು, ಅಂದರೆ ಬೆಳೆ ಹೊತ್ತ ಭೂಮಿಗೆ ಎಡೆಯನ್ನು ಎರಚಿ ಸಲ್ಲಿಸಲು, ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗುವುದನ್ನು ನೋಡಿದವರಿಗೆ ಬಯಲಿನ ಸುಖಕ್ಕೂ ಸಿರಿತನಕ್ಕೂ ಸಂಬಂಧವಿಲ್ಲವೆಂಬುದು ತಿಳಿಯುತ್ತದೆ. ಸಜ್ಜೆ ರೊಟ್ಟಿ, ಎಣ್ಣೆ ಬದನೆಕಾಯಿ, ಪುಂಡಿಪಲ್ಲೆ, ಕಡಬು, ಶೇಂಗಾ ಚಟ್ನಿಗಳ ಬುತ್ತಿ ಬಿಚ್ಚಿ, ಬದುವಿನ ಆಚೆಯವರನ್ನೂ ಊರಿನ ಗೆಳೆಯರನ್ನೂ ಕೂಗಿ ಕರೆದು ಮರದಡಿ ಪಂಕ್ತಿ ಕೂರುವ ಆ ಮಧ್ಯಾಹ್ನದಲ್ಲಿ ಗಂಡನ ಗೆಳೆಯರು, ಹೆಂಡತಿಯ ಗೆಳತಿಯರು ಎಂಬ ಭೇದ ಅಳಿದು ಜೋಡಿಗೇ ಗೆಳೆಯರಿರುತ್ತಾರೆ. ಮುಯ್ಯಾಳಿನ ಪದ್ಧತಿಯಲ್ಲಿ, ಎಂದರೆ ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂಬ ದುಡಿಮೆಯ ವಿನಿಮಯದಲ್ಲಿ, ಆ ಗೆಳೆತನ ಹಬ್ಬದ ಆಚೆಗೂ ಉಳಿಯುತ್ತದೆ. ಆದರೆ ಆ ಬುತ್ತಿಗಾಗಿ ರಾತ್ರಿಯೆಲ್ಲ ಒಲೆಯ ಮುಂದೆ ಕೂತು ರೊಟ್ಟಿ ಬಡಿದವರು ಹೊಲದಲ್ಲಿ ಉಣ್ಣಲು ಕೂರುವುದು ಕೊನೆಯ ಪಂಕ್ತಿಗೆ. ಬಿಡುವಿಲ್ಲದ ಮನೆಯಲ್ಲಿಯೇ ‘ಸಾಕು, ಇನ್ನು ನೀವು ಕೂಡ್ರಿ, ನಾ ಬಡಸ್ತೀನಿ’ ಎಂಬ ಮಾತಿಗೆ ಹೆಚ್ಚು ಬೆಲೆ. ಅದಕ್ಕೆ ಹಣ ಬೇಕಿಲ್ಲ.

ಹಣ ಬೇಕಾದ ಕಡೆ ಹಣದ ಮಾತನ್ನೇ ಆಡಬೇಕು. ಸೀರೆಯೊಂದರ ಮಜೂರಿಯನ್ನು ನೇಯುವ ಪಾಲು, ಹಾಸು ಹೂಡಿ ಕೂಡಿಸುವ ಪಾಲು, ಕಂಡಿಕೆಯ ಪಾಲು ಎಂದು ಬಿಡಿಸಿ ಬರೆದು, ಎರಡು ಹೆಸರಿನಲ್ಲಿ ಎರಡು ಖಾತೆಗಳಿಗೆ ಕೊಡುವುದು ಕಷ್ಟದ ಕೆಲಸವಲ್ಲ. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ, ಅಂದರೆ ಈ ಊರಿನ ನೇಯ್ಗೆಗೆ ಮಾತ್ರ ಈ ಹೆಸರು ಸಲ್ಲುತ್ತದೆಂಬ ಕಾನೂನಿನ ರಕ್ಷಣೆ, ಸಿಕ್ಕಿದೆ. ಅದರ ಜೊತೆಗೆ ತೊಡುವ ಕುಪ್ಪಸದ ಗುಳೇದಗುಡ್ಡ ಖಣಕ್ಕೂ ಸಿಕ್ಕಿದೆ. ಊರಿನ ಹೆಸರನ್ನು ಕಾಪಾಡಲು ಇಷ್ಟು ಕಾಳಜಿ ವಹಿಸಿದ ವ್ಯವಸ್ಥೆ ಟೋಪ ತೆನಿಯ ಕುಣಿಕೆಗಳನ್ನು ಕೂಡಿಸಿದ ಬೆರಳುಗಳ ಹೆಸರನ್ನೂ ಬರೆದುಕೊಳ್ಳಬಹುದು.

ಆ ಬೆರಳುಗಳಿಗೆ ‘ಸಾಕು’ ಎಂಬ ಮಾತು ಈಗಾಗಲೇ ಗೊತ್ತು. ಬೆಳಗಿನ ತಂಪಿನಲ್ಲಿ ಹಾಸನ್ನು ಉದ್ದಕ್ಕೆ ಚಾಚಿ ಗಂಜಿ ಹಾಕಿ ಬಿಗಿಗೊಳಿಸುವಾಗ ಒಂದು ತುದಿಯಲ್ಲಿ ಒಬ್ಬರು, ಇನ್ನೊಂದು ತುದಿಯಲ್ಲಿ ಒಬ್ಬರು ನಿಲ್ಲುತ್ತಾರೆ. ಸಡಿಲಾದರೆ ಎಳೆಗಳು ಒಂದಕ್ಕೊಂದು ಸಿಕ್ಕುಬೀಳುತ್ತವೆ, ಬಿಗಿ ಹೆಚ್ಚಾದರೆ ಕಡಿಯುತ್ತವೆ. ನಡುವೆ ಸಾವಿರಾರು ಎಳೆಗಳು ಹದಕ್ಕೆ ಬಂದ ಕ್ಷಣ ಯಾವ ತುದಿಯ ಅಂಗೈಗೆ ಮೊದಲು ತಿಳಿಯುತ್ತದೋ ಆ ತುದಿಯಿಂದ ‘ಸಾಕ’ ಎಂಬ ದನಿ ಬರುತ್ತದೆ, ಇನ್ನೊಂದು ತುದಿಯ ಕೈ ಅಲ್ಲಿಗೇ ನಿಲ್ಲುತ್ತದೆ.